ಒನಕೆಗೆ ಇಂಗ್ಲಿಷಿನಲ್ಲಿ ಏನಂತಾರೆ? ಡಿಕ್ಷನರಿ ಕೊಳ್ಳುವ ಮೊದಲು ಒಂದಿಷ್ಟು ಮಾತು

ದುರ್ಗದ ಕೋಟೆಯಲ್ಲಿ, ಓಬವ್ವನ ಕಿಂಡಿಯ ಹತ್ತಿರ, ನನ್ನ ವಿದ್ಯಾರ್ಥಿನಿಯೊಬ್ಬಳು ವಿದೇಶಿ ಗಂಡ ಹೆಂಡತಿಗೆ ಕಥೆ ಹೇಳುತ್ತಿದ್ದಳು. ಬಿ.ಎ. ಓದುವ ಹುಡುಗಿ, ಗೈಡ್ ಏನಲ್ಲ. ಅವರು ಏನೋ ಕೇಳಿದರು, ಇವಳು ಧೈರ್ಯ ಮಾಡಿ ಬಾಯಿ ಬಿಟ್ಟಳು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಕಿಂಡಿಯಲ್ಲಿ ನುಸುಳಿ ಬಂದದ್ದು, ನೀರು ತರಲು ಹೋದ ಓಬವ್ವ ಅದನ್ನು ಕಂಡದ್ದು, ಎಲ್ಲ ಸರಿಯಾಗೇ ಹೇಳಿದಳು. ಕೊನೆಗೆ, ಓಬವ್ವ ಅವರನ್ನೆಲ್ಲ 'ಪೆಸ್ಟಲ್'ನಲ್ಲಿ ಹೊಡೆದು ಕೊಂದಳು ಅಂದಳು. ಆ ಹೆಂಗಸು ಗಂಡನ ಮುಖ ನೋಡಿದರು. ಆಮೇಲೆ ಮುಷ್ಟಿಯಲ್ಲಿ ಏನೋ ಪುಟ್ಟದನ್ನು ಹಿಡಿದ ಹಾಗೆ ಮಾಡಿ, ಮೆಣಸು ಕುಟ್ಟುವಂತೆ ಕೈ ಆಡಿಸಿ ತೋರಿಸಿದರು. ಇಷ್ಟರಲ್ಲಿ ಅಷ್ಟು ಜನಾನಾ?

ಮಾರನೇ ದಿನ ಬಂದು ಕೇಳಿದಳು, "ಮಿಸ್, ನಾನು ಹೇಳಿದ್ದು ತಪ್ಪಾ?" ಅವಳ ಬ್ಯಾಗಿನಲ್ಲಿದ್ದ ಚಿಕ್ಕ ಇಂಗ್ಲಿಷ್-ಕನ್ನಡ ಡಿಕ್ಷನರಿ ತೆಗೆದು ನೋಡಿದೆವು. ಪಿ, ಇ, ಎಸ್, ಟಿ, ಎಲ್, ಇ. ಮುಂದೆ 'ಕುಟ್ಟಾಣಿ, ಒನಕೆ' ಅಂತಲೇ ಇತ್ತು. ಆಮೇಲೆ ಫೋನಿನಲ್ಲಿ ಕಲಿಯುವವರಿಗೆಂದೇ ಮಾಡಿದ ಒಂದು ಇಂಗ್ಲಿಷ್ ಡಿಕ್ಷನರಿ ತೆರೆದೆವು. ಅಲ್ಲಿದ್ದದ್ದು ಬೇರೆ ಚಿತ್ರ. ತುದಿ ದುಂಡಗಿರುವ, ಚಿಕ್ಕ, ಭಾರದ ಸಾಧನ. ಬಟ್ಟಲಿನಲ್ಲಿ ಹಾಕಿ ಜಜ್ಜೋದಕ್ಕೆ. ಪಕ್ಕದ ಸ್ಪೀಕರ್ ಗುರುತು ಒತ್ತಿದರೆ ಇನ್ನೊಂದು ಆಶ್ಚರ್ಯ. ಟಿ ಕೇಳಿಸಲೇ ಇಲ್ಲ. 'ಪೆಸಲ್' ಅಂತು. ಟಿ ಸೇರಿಸಿ ಹೇಳುವವರೂ ಇದ್ದಾರೆ, ಅದು ತಪ್ಪೇನಲ್ಲ. ಆದರೆ ಜಾಸ್ತಿ ಕೇಳಿಬರುವುದು ಟಿ ಇಲ್ಲದ್ದೇ.

ಅವಳ ಡಿಕ್ಷನರಿ ಸುಳ್ಳು ಹೇಳಿರಲಿಲ್ಲ. ಓದುವಾಗ ಆ ಪದ ಎದುರಾದರೆ ಅಷ್ಟು ಅರ್ಥ ಸಾಕಿತ್ತು. ಅವಳು ಅದನ್ನು ಮಾತಾಡಲು ಬಳಸಿದಳು, ಅಲ್ಲಿ ಎಡವಿದಳು. ಡಿಕ್ಷನರಿ ಆರಿಸುವಾಗ ನಾನು ಮೊದಲು ಕೇಳುವುದು ಇದನ್ನೇ. ನಿಮಗೆ ಬೇಕಿರುವುದು ಓದಿದ್ದು ತಿಳಿಯಲಿಕ್ಕಾ, ಇಲ್ಲಾ ನೀವೇ ಬರೆಯಲು, ಮಾತಾಡಲಿಕ್ಕಾ? ಎರಡಕ್ಕೂ ಒಂದೇ ಪುಸ್ತಕ ಒದಗುವುದು ಅಪರೂಪ.

ನಾನು ಹುಟ್ಟಿದ್ದು ದುರ್ಗ, ಇರುವುದು ದಾವಣಗೆರೆ. ವಿದ್ಯಾನಗರದ ಮನೆಯ ಮುಂದಿನ ಕೋಣೆಯಲ್ಲಿ ಸಂಜೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಜೂನ್ ಬಂತೆಂದರೆ "ಯಾವ ಡಿಕ್ಷನರಿ ತಗೊಳ್ಳೋಣ ಮಿಸ್?" ಶುರು. ಹತ್ತನೇ ಕ್ಲಾಸಿನ ಮಗಳ ಅಮ್ಮ ಕೇಳುತ್ತಾರೆ. ಐರ್ಲೆಂಡಿಗೆ ಹೋಗಬೇಕೆಂದು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಕಟ್ಟಿದ ನರ್ಸಿಂಗ್ ಹುಡುಗಿ ಕೇಳುತ್ತಾಳೆ. ಅಪ್ಪನ ಮಂಡಿಪೇಟೆ ಅಂಗಡಿಯಲ್ಲಿ ಕೂತು ಹೊರರಾಜ್ಯದವರಿಗೆ ಮೇಲ್ ಬರೆಯಬೇಕಾದ ಹುಡುಗ ಕೇಳುತ್ತಾನೆ. ಮೂವರಿಗೂ ಒಂದೇ ಹೆಸರು ಹೇಳಿ ಕಳಿಸಿದರೆ ಇಬ್ಬರ ದುಡ್ಡು ದಂಡ.

ಕನ್ನಡದಲ್ಲಿ ಅರ್ಥ ಕೊಡುವವು

ಮೊದಲು ಇದರ ಪರವಾಗಿ ಮಾತಾಡಿಬಿಡುತ್ತೇನೆ. ಸ್ಪೋಕನ್ ಇಂಗ್ಲಿಷ್ ಕಲಿಸುವ ಬಹಳ ಜನ "ಕನ್ನಡ ಅರ್ಥ ನೋಡಲೇಬೇಡಿ" ಅಂತ ಹೆದರಿಸುತ್ತಾರೆ. ಅದು ಸುಮ್ನೆ ಜಂಬ. ಪಾಠದ ನಡುವೆ 'ಡ್ರೌಟ್' ಬಂತು ಅಂದುಕೊಳ್ಳಿ. ಇಂಗ್ಲಿಷ್ ಡಿಕ್ಷನರಿ ಬಹಳ ದಿನ ಮಳೆಯಿಲ್ಲದ ಕಾಲ ಅಂತ ಒಂದು ಸಾಲು ವಿವರಿಸುತ್ತದೆ. ಕನ್ನಡದ್ದು 'ಬರಗಾಲ' ಅನ್ನುತ್ತದೆ. ಚಳ್ಳಕೆರೆ ಕಡೆಯ ಮಗುವಿಗೆ ಅದರ ಮೇಲೆ ಇನ್ನೇನು ಬೇಕು? ಕಾಳು, ಗಿಡ, ಹಕ್ಕಿ, ಕಾಯಿಲೆ, ಇಂಥ ಹೆಸರುಗಳಿಗೆ ಕನ್ನಡ ಅರ್ಥವೇ ಲೇಸು. 'ಸಾರ್ಗಮ್' ಅಂದರೆ ಜೋಳ, 'ಫಾಕ್ಸ್‌ಟೇಲ್ ಮಿಲೆಟ್' ಅಂದರೆ ನವಣೆ. ಇದನ್ನು ಇಂಗ್ಲಿಷಿನಲ್ಲೇ ಓದಿ ತಿಳಿದುಕೊಳ್ಳಲು ಹೋದರೆ ಸಂಜೆಯಾಗುತ್ತದೆ.

ಈ ಜಾತಿಯಲ್ಲಿ ನಂಬಬಹುದಾದ ಹಳೇ ಹೆಸರು ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು. ಮೊದಲು ಬಂದದ್ದು 1946ರಲ್ಲಿ, ಆಮೇಲೆ ಪರಿಷ್ಕಾರ ಆಗಿದೆ. ದೊಡ್ಡದು, ಮೇಜಿನ ಮೇಲಿಟ್ಟು ನೋಡುವಂಥದ್ದು. ಕೊಳ್ಳುವ ಬದಲು ಲೈಬ್ರರಿಯಲ್ಲಿ ನೋಡಿದರೂ ನಡೆಯುತ್ತದೆ. ಮನೆಗೆ ತರುವುದಾದರೆ ಜಿ. ವೆಂಕಟಸುಬ್ಬಯ್ಯನವರ ಇಂಗ್ಲಿಷ್-ಕನ್ನಡ ನಿಘಂಟು ನನಗೆ ಇಷ್ಟ. 1913ರಲ್ಲಿ ಹುಟ್ಟಿ 2021ರವರೆಗೆ ಬದುಕಿದ ಹಿರಿಯರು, ಆಯಸ್ಸಿನ ಬಹುಭಾಗ ಪದಗಳ ಜೊತೆಗೇ ಕಳೆದವರು.

ಇನ್ನು ದೂರು. ನಿಘಂಟಿನ ಕನ್ನಡ ಎಷ್ಟೋ ಸಲ ನಮ್ಮ ಕನ್ನಡ ಆಗಿರುವುದಿಲ್ಲ. 'ಆಂಬಿಗ್ಯುಅಸ್' ಪಕ್ಕ 'ಸಂದಿಗ್ಧ' ಅಂತ ಇರುತ್ತದೆ. "ಸಂದಿಗ್ಧ ಅಂದ್ರೇನು ಮಿಸ್?" ಅಂತ ಮುಂದಿನ ಪ್ರಶ್ನೆ. ಒಂದು ಡಿಕ್ಷನರಿ ನೋಡಲು ಇನ್ನೊಂದು ಬೇಕಾಯಿತಲ್ಲ! ಎರಡು ಅರ್ಥ ಬರುವ ಮಾತು ಅಂದಿದ್ದರೆ ಮುಗಿಯುತ್ತಿತ್ತು. 'ಬ್ಯಾಸ್ಟಿಯನ್' ನೋಡಿ. ಬುರುಜು, ಕೊತ್ತಳ ಅಂತ ಕೊಡುತ್ತಾರೆ. ದುರ್ಗದವರ ಬಾಯಲ್ಲಿ ಅದು ಬತೇರಿ.

ಇದಕ್ಕಿಂತ ದೊಡ್ಡ ಕೊರತೆ, ಪದ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ಇವು ಹೇಳುವುದಿಲ್ಲ. ಕೈಗಡವನ್ನೇ ತಗೊಳ್ಳಿ. ನಮ್ಮಲ್ಲಿ ತಗೊಂಡರೂ ಕೈಗಡ, ಕೊಟ್ಟರೂ ಕೈಗಡ. ಇಂಗ್ಲಿಷಿನಲ್ಲಿ ತಗೊಳ್ಳುವುದು 'ಬಾರೋ', ಕೊಡುವುದು 'ಲೆಂಡ್'. ಜೇಬಿನ ಡಿಕ್ಷನರಿಗಳಲ್ಲಿ ಎರಡರ ಮುಂದೆಯೂ 'ಸಾಲ' ಅನ್ನುವುದೇ ಎದ್ದು ಕಾಣುತ್ತದೆ. ಹಾಗಾಗಿ ಒಬ್ಬ ಹುಡುಗ, ಬ್ಯಾಂಕು ತನಗೆ ಸಾಲ ಕೊಟ್ಟಿತು ಅಂತ ಬರೆಯಲು ಹೋಗಿ, ಬ್ಯಾಂಕೇ ತನ್ನ ಹತ್ತಿರ ಸಾಲ ತಗೊಂಡಿತು ಅನ್ನುವ ಹಾಗೆ ಬರೆದಿದ್ದ. ಓದಿ ಅವನಪ್ಪನಿಗೆ ಬಹಳ ಖುಷಿಯಾಯಿತಂತೆ.

ಇನ್ನೊಂದು ಎಚ್ಚರಿಕೆ. ಕಾಲೇಜು ದಿನಗಳಲ್ಲಿ ತಳ್ಳುಗಾಡಿಯೊಂದರಲ್ಲಿ ದಪ್ಪನೆಯ ಡಿಕ್ಷನರಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ ತಂದೆ. ಮನೆಗೆ ಬಂದು ನೋಡಿದರೆ ಕ್ಯೂ ಅಕ್ಷರದ ಹಾಳೆಗಳೇ ಇಲ್ಲ. ಅದು ಹೋಗಲಿ, ಹಣ ಕಟ್ಟಿದ ಚೀಟಿಗೆ 'ರಿಸಿಪ್ಟ್' ಅಂತ ಉಚ್ಚಾರಣೆ ಅಚ್ಚು ಹಾಕಿದ್ದರು. ಎರಡು ವರ್ಷ ಹಾಗೇ ಹೇಳಿಕೊಂಡು ಓಡಾಡಿದೆ. ಆ ಪದದಲ್ಲಿ ಪಿ ಬಾಯಿಗೆ ಬರುವುದೇ ಇಲ್ಲ, ಅದು 'ರಿಸೀಟ್'. ಪ್ರಕಾಶಕರ ಹೆಸರು, ಸಂಪಾದಕರ ಹೆಸರು, ಅಚ್ಚಾದ ವರ್ಷ, ಈ ಮೂರೂ ಇಲ್ಲದ ಡಿಕ್ಷನರಿಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಇಂಗ್ಲಿಷಿನಲ್ಲೇ ಅರ್ಥ ಹೇಳುವವು

"ಇಂಗ್ಲಿಷ್ ಬರಲ್ಲ ಅಂತ ಡಿಕ್ಷನರಿ ತೆಗೆದರೆ ಅಲ್ಲೂ ಇಂಗ್ಲಿಷೇ" ಅಂತ ಹುಡುಗರು ಗೋಳಾಡುತ್ತಾರೆ. ನ್ಯಾಯವೇ. ಆದರೆ ಇದರಲ್ಲಿ ಎರಡು ಜಾತಿ ಇದೆ. ಇಂಗ್ಲಿಷ್ ಮನೆಮಾತಿನವರಿಗೆ ಬರೆದದ್ದು ಒಂದು, ಹೊರಗಿನಿಂದ ಕಲಿಯುವವರಿಗೆ ಬರೆದದ್ದು ಇನ್ನೊಂದು. ಮೊದಲನೆಯದು ನಮಗೆ ಬೇಡ. ಎರಡನೆಯದರ ರಟ್ಟಿನ ಮೇಲೆ ಸಾಮಾನ್ಯವಾಗಿ 'ಲರ್ನರ್ಸ್' ಅನ್ನುವ ಪದ ಇರುತ್ತದೆ. ಅದನ್ನು ಹುಡುಕಿ.

ಈ ಎರಡನೇ ಜಾತಿ ಬೆಳೆದದ್ದು ನಮ್ಮಂಥವರ ಕಷ್ಟ ನೋಡಿಯೇ. ಮೈಕೇಲ್ ವೆಸ್ಟ್ ಅನ್ನುವವರು ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದರು. ಬಂಗಾಳದ ಮಕ್ಕಳು ಇಂಗ್ಲಿಷ್ ಓದಲು ಪಡುವ ಪಾಡು ಕಂಡಿದ್ದರು. ಅವರು 1935ರಲ್ಲಿ ಜೊತೆಗಾರರೊಬ್ಬರ ಜೊತೆ ತಂದ ಡಿಕ್ಷನರಿಯಲ್ಲಿ ಎಲ್ಲ ಅರ್ಥಗಳನ್ನೂ ಬರೀ 1,490 ಸುಲಭ ಪದಗಳೊಳಗೆ ಬರೆದರು. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಮೇಷ್ಟ್ರಾಗಿದ್ದರು. ಅವರ ತಂಡದ ಡಿಕ್ಷನರಿ 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. 1948ರಲ್ಲಿ ಅದನ್ನೇ ಆಕ್ಸ್‌ಫರ್ಡ್‌ನವರು ಹೊರತಂದರು. ಇವತ್ತು ಅಂಗಡಿಯಲ್ಲಿ ಕಾಣುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದು.

ಈಗ ಸಿಗುವವುಗಳಲ್ಲಿ ಲಾಂಗ್‌ಮನ್ 1978ರಲ್ಲಿ ಶುರುವಾಯಿತು, ಸುಮಾರು 2,000 ಪದಗಳಲ್ಲೇ ಅರ್ಥ ಹೇಳುತ್ತದೆ. ಆಕ್ಸ್‌ಫರ್ಡ್‌ನದು 3,000 ಪದಗಳ ಪಟ್ಟಿ. ಕಾಬಿಲ್ಡ್ 1987ರದ್ದು, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ನೋಡಿಕೊಂಡ ಕೆಲಸ. ಅದರ ದಾರಿಯೇ ಬೇರೆ. ಅರ್ಥವನ್ನು ಪೂರ್ತಿ ವಾಕ್ಯದಲ್ಲಿ, ಮೇಷ್ಟ್ರು ಎದುರು ಕೂತು ಹೇಳಿದ ಹಾಗೆ ಹೇಳುತ್ತದೆ. ನೀವು ಒಬ್ಬರಿಂದ ಒಂದು ವಸ್ತುವನ್ನು 'ಬಾರೋ' ಮಾಡಿದರೆ, ಸ್ವಲ್ಪ ಕಾಲ ಇಟ್ಟುಕೊಂಡು ವಾಪಸ್ ಕೊಡುತ್ತೀರಿ, ಆ ಧಾಟಿಯಲ್ಲಿ. ಯಾರು ಯಾರಿಂದ ತಗೊಂಡರು ಅನ್ನುವುದು ಅರ್ಥದೊಳಗೇ ಬಂದುಬಿಡುತ್ತದೆ. ಹೊಸಬರಿಗೆ ನನ್ನ ಓಟು ಇದಕ್ಕೇ. ಆದರೆ ನಮ್ಮೂರಿನ ಅಂಗಡಿಗಳಲ್ಲಿ ಸುಲಭಕ್ಕೆ ಕಾಣುವುದು ಆಕ್ಸ್‌ಫರ್ಡ್. ಅದೂ ಒಳ್ಳೆಯದೇ, ಕೈಗೆ ಸಿಕ್ಕಿದ್ದು ಬಿಟ್ಟು ಸಿಗದಿದ್ದಕ್ಕೆ ಅಲೆಯಬೇಡಿ. ಕೇಂಬ್ರಿಡ್ಜ್ 1995ರಲ್ಲಿ ಬಂದದ್ದು, ಅದನ್ನು ನಾನು ಫೋನಿನಲ್ಲೇ ಜಾಸ್ತಿ ನೋಡುತ್ತೇನೆ.

ಇವು ಕೊಡುವ ಲಾಭ ಬರೀ ಅರ್ಥವಲ್ಲ. ಹೆಸರುಪದದ ಪಕ್ಕ ಸಣ್ಣದಾಗಿ ಸಿ ಅಥವಾ ಯು ಅಂತ ಇರುತ್ತದೆ. ಸಿ ಅಂದರೆ ಎಣಿಸಬಹುದು, ಯು ಅಂದರೆ ಎಣಿಸುವ ಹಾಗಿಲ್ಲ. 'ಫರ್ನಿಚರ್' ಎದುರು ಯು ಇದೆ. ಅದಕ್ಕೆ ಕೊನೆಯಲ್ಲಿ ಎಸ್ ಹಚ್ಚುವ ಹಾಗಿಲ್ಲ. ಬೋರ್ಡುಗಳ ಮೇಲೆ ಎಷ್ಟು 'ಫರ್ನಿಚರ್ಸ್' ಕಾಣುತ್ತವೆ, ಒಮ್ಮೆ ಎಣಿಸಿಕೊಂಡು ಬನ್ನಿ. 'ಇನ್ಫರ್ಮೇಷನ್', 'ಅಡ್ವೈಸ್', 'ಲಗೇಜ್' ಕೂಡ ಹಾಗೇ. 'ಡಿಸ್ಕಸ್' ಆದಮೇಲೆ 'ಅಬೌಟ್' ಬೇಡ ಅಂತಲೂ ಇವುಗಳಿಂದಲೇ ತಿಳಿಯುವುದು. ನಾವು 'ಅದರ ಬಗ್ಗೆ ಚರ್ಚಿಸು' ಅನ್ನುವವರು, ಆ 'ಬಗ್ಗೆ'ಯನ್ನು ಇಂಗ್ಲಿಷಿಗೂ ಹೊತ್ತುಕೊಂಡು ಹೋಗುತ್ತೇವೆ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಯಾವ ಪದಕ್ಕೆ ಯಾವ ಪದ ಜೊತೆ ಅನ್ನುವ ಮಾಹಿತಿ. ನಮ್ಮಲ್ಲಿ ಮಳೆ ಜೋರು, ಗಾಳಿ ಜೋರು, ಜ್ವರ ಜೋರು, ವ್ಯಾಪಾರವೂ ಜೋರು. ಒಂದು 'ಜೋರು' ಇದ್ದರೆ ಸಂಸಾರ ನಡೆಯುತ್ತದೆ. ಇಂಗ್ಲಿಷಿನಲ್ಲಿ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್', ಜ್ವರ 'ಹೈ', ವ್ಯಾಪಾರ 'ಬ್ರಿಸ್ಕ್'. 'ಸ್ಟ್ರಾಂಗ್ ರೇನ್' ಅಂದರೂ ಅರ್ಥವಾಗುತ್ತದೆ, ಆದರೆ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ. ಇಂಗ್ಲಿಷ್-ಕನ್ನಡ ಡಿಕ್ಷನರಿ ಈ ಜೋಡಿಗಳನ್ನು ಕೊಡುವುದು ಕಡಿಮೆ. ಲರ್ನರ್ಸ್ ಡಿಕ್ಷನರಿಯಲ್ಲಿ 'ರೇನ್' ತೆಗೆದರೆ ಉದಾಹರಣೆ ವಾಕ್ಯಗಳಲ್ಲೇ 'ಹೆವಿ' ಕೂತಿರುತ್ತದೆ.

ನಮ್ಮ ಒನಕೆಯ ಸಮಸ್ಯೆಗೂ ದಾರಿ ಸಿಕ್ಕಿದ್ದು ಇಲ್ಲೇ. ಹುಡುಗಿಗೆ ಹೇಳಿದೆ, ಇಂಗ್ಲಿಷ್ ಪದ ಹುಡುಕಬೇಡ, 'ಒನಕೆ' ಅಂತಲೇ ಹೇಳು. ಆಮೇಲೆ ಡಿಕ್ಷನರಿಯವರ ಹಾಗೆ ಸುಲಭ ಪದದಲ್ಲಿ ವಿವರಿಸು. ಆಳೆತ್ತರದ ಮರದ ಕೋಲು, ನಿಂತುಕೊಂಡು ಎರಡೂ ಕೈಯಲ್ಲಿ ಹಿಡಿದು ಕಾಳು ಕುಟ್ಟೋದು. ಉದ್ದ, ಮರ, ಕೋಲು, ಕಾಳು, ಕುಟ್ಟು. ಇವೆಲ್ಲದರ ಇಂಗ್ಲಿಷ್ ಅವಳಿಗೆ ಗೊತ್ತಿತ್ತು. ಬರೀ ಐದು ಪದ.

ನೀವು ಈ ಜಾತಿಗೆ ತಯಾರಾಗಿದ್ದೀರಾ ಅಂತ ತಿಳಿಯಲು ಒಂದು ಉಪಾಯ ಇದೆ. ನಿಮಗೆ ಗೊತ್ತಿರುವ ಪದಗಳನ್ನೇ ತೆಗೆಯಿರಿ. ಕುರ್ಚಿ, ನದಿ, ಕೋಪ, ಇಂಥವುಗಳ ಇಂಗ್ಲಿಷ್. ಅವುಗಳ ವಿವರಣೆ ಓದಿ. ಗೊತ್ತಿರುವ ಪದದ ವಿವರಣೆ ತಿಳಿದರೆ ಗೊತ್ತಿಲ್ಲದ್ದರದ್ದೂ ತಿಳಿಯುತ್ತದೆ. ಕುರ್ಚಿಯಲ್ಲೇ ಸಿಕ್ಕಿಕೊಂಡರೆ ಇನ್ನೊಂದು ವರ್ಷ ಕನ್ನಡದ್ದನ್ನೇ ಇಟ್ಟುಕೊಳ್ಳಿ. ನಾಚಿಕೆ ಏನೂ ಇಲ್ಲ.

ಇಂಗ್ಲಿಷ್-ಇಂಗ್ಲಿಷ್-ಕನ್ನಡ ಅಂತ ಮೂರೂ ಸೇರಿದ್ದು ಸಿಗುತ್ತದೆ. ಪಿಯುಸಿ ಮಕ್ಕಳಿಗೆ ಮೊದಲ ಡಿಕ್ಷನರಿಯಾಗಿ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಉದಾಹರಣೆ ವಾಕ್ಯ ಇಲ್ಲದ್ದು ಬೇಡ. ವಾಕ್ಯವಿಲ್ಲದ ತ್ರಿವಳಿ ಅಂದರೆ ಅದೇ ಹಳೇ ಡಿಕ್ಷನರಿ, ತೂಕ ಮಾತ್ರ ಜಾಸ್ತಿ.

ಉಚ್ಚಾರಣೆ: ಕನ್ನಡ ಅಕ್ಷರವೋ, ಗುರುತೋ, ಕಿವಿಯೋ

ಇಲ್ಲಿ ಮೂರು ದಾರಿ. ಕನ್ನಡ ಲಿಪಿಯಲ್ಲಿ ಬರೆದುಕೊಟ್ಟದ್ದು, ಅಂತರರಾಷ್ಟ್ರೀಯ ಧ್ವನಿಲಿಪಿಯ ಗುರುತುಗಳಲ್ಲಿ ಕೊಟ್ಟದ್ದು, ಒತ್ತಿದರೆ ಕೇಳಿಸುವುದು.

ಕನ್ನಡ ಲಿಪಿಯನ್ನು ಹೀಗಳೆಯುವ ಹಾಗಿಲ್ಲ. ಹಿಂದಿಗಿಂತ ನಮಗೆ ಒಂದು ಅನುಕೂಲ ಜಾಸ್ತಿ ಇದೆ. ಎ-ಏ, ಒ-ಓ ಅಂತ ಗಿಡ್ಡ ಉದ್ದ ಎರಡೂ ನಮ್ಮಲ್ಲಿವೆ. 'ಪೆನ್' ಬೇರೆ 'ಪೇನ್' ಬೇರೆ, 'ಗೆಟ್' ಬೇರೆ 'ಗೇಟ್' ಬೇರೆ ಅಂತ ಕಣ್ಣಿಗೇ ಕಾಣುತ್ತದೆ. ಹಾಗಾಗಿ ಹಿಂದಿ ಅಕ್ಷರದಲ್ಲಿ ಉಚ್ಚಾರಣೆ ಕೊಡುವ ಆ್ಯಪ್ ಕನ್ನಡದವರಿಗೆ ಬೇಡವೇ ಬೇಡ. 'ಬ್ಯಾಟ್', 'ಬ್ಯಾಂಕ್' ಅನ್ನುವಲ್ಲಿನ ಸ್ವರಕ್ಕೂ ನಾವು ಯ ಒತ್ತಿನಿಂದ ದಾರಿ ಮಾಡಿಕೊಂಡಿದ್ದೇವೆ. ಈಗ ಬರೆದೆನಲ್ಲ, 'ಆ್ಯಪ್' ಅಂತ, ಆ ಆ್ಯ ನಮ್ಮ ವರ್ಣಮಾಲೆಯ ಹಾಡಿನಲ್ಲಿ ಇಲ್ಲ. ಬೇಕಾಯಿತು, ಮಾಡಿಕೊಂಡೆವು.

ಸೋಲುವುದು ಎಲ್ಲಿ ಅಂದರೆ, ಎರಡು ಬೇರೆ ಪದಗಳು ಕನ್ನಡದಲ್ಲಿ ಒಂದೇ ವೇಷ ಹಾಕಿ ನಿಲ್ಲುವಲ್ಲಿ. ಪಶ್ಚಿಮ ದಿಕ್ಕೂ 'ವೆಸ್ಟ್', ಬನಿಯನ್ನೂ 'ವೆಸ್ಟ್'. ಒಂದರಲ್ಲಿ ಡಬ್ಲ್ಯೂ, ತುಟಿ ದುಂಡಗೆ ಮಾಡಿ ಹೇಳಬೇಕು. ಇನ್ನೊಂದರಲ್ಲಿ ವಿ, ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ತಿನ್ನುವ ಐಸೂ 'ಐಸ್', ಕಣ್ಣುಗಳೂ 'ಐಸ್'. ಎರಡನೆಯದರ ಕೊನೆಗೆ ದುಂಬಿ ಗುಂಯ್‌ಗುಟ್ಟಿದ ಹಾಗೆ ಝೆಡ್ಡಿನ ದನಿ ಇದೆ. ಸಲಹೆ ಅನ್ನುವ ಹೆಸರಿಗೂ ಸಲಹೆ ಕೊಡು ಅನ್ನುವ ಕ್ರಿಯೆಗೂ ನಾವು 'ಅಡ್ವೈಸ್' ಅಂತಲೇ ಬರೆಯುತ್ತೇವೆ. ಅಲ್ಲೂ ಕ್ರಿಯೆಯ ಕೊನೆಗೆ ಆ ದುಂಬಿ ದನಿಯೇ. ಕೆಲವು ಡಿಕ್ಷನರಿಗಳಲ್ಲಿ ಜ, ಫ ಅಕ್ಷರಗಳ ಕೆಳಗೆ ಎರಡು ಪುಟ್ಟ ಚುಕ್ಕೆ ಹಾಕಿ ಇದನ್ನು ತೋರಿಸಿರುತ್ತಾರೆ. ಮಕ್ಕಳು ಅದನ್ನು ಅಚ್ಚಿನ ಕಲೆ ಅಂದುಕೊಂಡು ಬಿಟ್ಟುಬಿಡುತ್ತಾರೆ. ಚುಕ್ಕೆ ಕಂಡರೆ ನಿಲ್ಲಿ.

ಒಂದು ಭಾಷೆಯ ದನಿ ಇನ್ನೊಂದು ಲಿಪಿಯಲ್ಲಿ ಸೋರಿಹೋಗುವುದು ನಮ್ಮ ದುರ್ಗ ಜಿಲ್ಲೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಬರೆದ ಚಪಡ, ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ಕೊನೆಯ 'ಲಿಪಿಕರ' ಅನ್ನುವ ತನ್ನ ಕಸುಬಿನ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿಯಲ್ಲಿ ಹ್ರಸ್ವ ದೀರ್ಘಕ್ಕೆ ಬೇರೆ ಬೇರೆ ಗುರುತಿಲ್ಲ. ಆ ಲಿಪಿ ನೋಡಿ ದೀರ್ಘ ಎಲ್ಲಿತ್ತು ಅಂತ ಹೇಳುವ ಹಾಗಿಲ್ಲ. ನಾವು 'ಐಸ್' ಬರೆದಾಗ ಆಗುವುದೂ ಅಷ್ಟೇ.

ಅದಕ್ಕೆ ಎರಡನೇ ದಾರಿ, ಧ್ವನಿಲಿಪಿ. ಇಂಗ್ಲಿಷಿನಲ್ಲಿ ಅಕ್ಷರ 26, ಆದರೆ ಬ್ರಿಟಿಷ್ ಉಚ್ಚಾರಣೆಯಲ್ಲಿ ಸಾಮಾನ್ಯವಾಗಿ ಎಣಿಸುವ ದನಿ 44. ಒಂದು ದನಿಗೆ ಒಂದೇ ಗುರುತು ಇಡುವ ಲಿಪಿ ಇದು. ಅ ಬರೆದರೆ ಅ ಅಂತಲೇ ಓದುವ ನಮಗೆ ಈ ತತ್ವ ಹೊಸದಲ್ಲ. ಎಲ್ಲ ಗುರುತೂ ಕಲಿಯಬೇಕಾಗಿಲ್ಲ. ತಲೆಕೆಳಗಾಗಿ ನಿಂತ ಇ, ಒಂದಕ್ಕೊಂದು ಅಂಟಿಕೊಂಡ ಎ ಮತ್ತು ಇ, ಬಾಲ ಇರುವ ಎನ್, ಉದ್ದಕ್ಕೆ ಎಳೆದ ಎಸ್, ನಡುವೆ ಗೆರೆ ಇರುವ ಸೊನ್ನೆ, ದೀರ್ಘಕ್ಕೆ ಎರಡು ಚುಕ್ಕೆ. ಇಷ್ಟು ಒಂದು ವಾರದಲ್ಲಿ ಬರುತ್ತದೆ. ನರ್ಸಿಂಗ್ ಹುಡುಗಿಯರಿಗೆ ನಾನು ಇದನ್ನು ಕಡ್ಡಾಯ ಮಾಡಿದ್ದೇನೆ. ಹತ್ತನೇ ಕ್ಲಾಸಿನವರಿಗೆ ಒತ್ತಾಯವಿಲ್ಲ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್‌ನ ದೊಡ್ಡ ಡಿಕ್ಷನರಿ ತನ್ನದೇ ಬೇರೆ ಗುರುತು ಬಳಸುತ್ತದೆ. ಎರಡನ್ನೂ ಒಟ್ಟಿಗೆ ಕಲಿಯಲು ಹೋದರೆ ತಲೆ ಕೆಡುತ್ತದೆ.

ಆ ತಲೆಕೆಳಗಾದ ಇ ಬಗ್ಗೆ ಸ್ವಲ್ಪ ಹೇಳಬೇಕು. ಅದರ ಹೆಸರು 'ಶ್ವಾ'. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕೇಳುವ ಸ್ವರ, ನಮಗೆ ಅತಿ ಕಷ್ಟದ್ದು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಟ್ಟು ಮಾತಾಡುತ್ತೇವೆ. ಲಘು ಅಂದರೆ ಒಂದು ಮಾತ್ರೆ, ಗುರು ಅಂದರೆ ಎರಡು, ಯಾರಿಗೂ ಮೋಸ ಇಲ್ಲ. ಇಂಗ್ಲಿಷಿನಲ್ಲಿ ಹಾಗಿಲ್ಲ. ಪದದಲ್ಲಿ ಒಂದು ಕಡೆ ಗಟ್ಟಿಯಾಗಿ ಒತ್ತಿ, ಉಳಿದದ್ದನ್ನು ನುಂಗುತ್ತಾರೆ. ಬಾಳೆಹಣ್ಣಿಗೆ ನಾವು 'ಬನಾನಾ' ಅಂತ ನೆಟ್ಟಗೆ ಹೇಳಿದರೆ, ಅವರು ನಡುವಿನ 'ನಾ' ಮಾತ್ರ ಹಿಡಿದು ಎರಡೂ ಕಡೆ ಬಿಟ್ಟುಬಿಡುತ್ತಾರೆ. ಆ ನುಂಗಿದ ಸ್ವರವೇ ಶ್ವಾ. 'ಕಂಫರ್ಟೇಬಲ್' ಅಂತ ನಾವು ನಾಲ್ಕೂ ಭಾಗ ಹೇಳುವುದನ್ನು ಅವರು 'ಕಂಫ್ಟಬಲ್' ಅಂತ ಮೂರಕ್ಕೆ ಇಳಿಸುತ್ತಾರೆ. 'ವೆಜಿಟೇಬಲ್' ಕೂಡ 'ವೆಜ್‌ಟಬಲ್'.

ಒತ್ತು ಎಲ್ಲಿ ಬೀಳಬೇಕು ಅಂತ ತೋರಿಸಲು ಆ ಭಾಗದ ಮುಂಚೆ, ಮೇಲುಗಡೆ, ಒಂದು ಸಣ್ಣ ನಿಂತ ಗೆರೆ ಇರುತ್ತದೆ. ಇಡೀ ಧ್ವನಿಲಿಪಿ ಬೇಡ ಅನ್ನುವವರು ಈ ಗೆರೆಯೊಂದನ್ನಾದರೂ ಹುಡುಕಿ. 'ಡೆವಲಪ್' ಅನ್ನುವುದರಲ್ಲಿ ನಾವು ಮೊದಲಿಗೇ ಒತ್ತುತ್ತೇವೆ, ಗೆರೆ ಇರುವುದು ನಡುವಿನ 'ವೆ' ಮುಂದೆ. 'ಹೋಟೆಲ್' ಒತ್ತು ಎರಡನೆಯದರ ಮೇಲೆ. 'ಫೋಟೋಗ್ರಾಫ್' ಮೊದಲಿಗೆ ಒತ್ತು, ಅದನ್ನು ತೆಗೆಯುವವನಿಗೆ ಬಂದರೆ ಒತ್ತು ಎರಡನೆಯದಕ್ಕೆ ಜಾರುತ್ತದೆ. 'ರೆಕಾರ್ಡ್' ಹೆಸರಾದರೆ ಒತ್ತು ಮೊದಲಿಗೆ, ಕ್ರಿಯೆಯಾದರೆ ಎರಡನೆಯದಕ್ಕೆ. ಕನ್ನಡ ಲಿಪಿಯ ಉಚ್ಚಾರಣೆಯಲ್ಲಿ ಈ ಗೆರೆ ನನ್ನ ಕಣ್ಣಿಗೆ ಬಿದ್ದದ್ದು ತೀರಾ ಕಡಿಮೆ. ಪರದೇಶದವರಿಗೆ ನಮ್ಮ ಮಾತು ತಿಳಿಯದೆ ಹೋಗುವುದಕ್ಕೆ ಎಷ್ಟೋ ಸಲ ವ್ಯಾಕರಣ ಕಾರಣವಲ್ಲ, ಈ ಒತ್ತು.

ಮೂರನೆಯದು ಕಿವಿ. ಇದಕ್ಕೆ ಸಮನಾದದ್ದು ಇಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂರರ ವೆಬ್‌ಸೈಟಿನಲ್ಲೂ ಪದವನ್ನು ಪುಕ್ಕಟೆ ಕೇಳಬಹುದು, ಬ್ರಿಟಿಷ್ ಒಂದು, ಅಮೆರಿಕನ್ ಒಂದು. ಲಾಂಗ್‌ಮನ್‌ನಲ್ಲಿ ಉದಾಹರಣೆ ವಾಕ್ಯಗಳನ್ನೂ ಓದಿ ಹೇಳಿಸಿದ್ದಾರೆ. ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವವರಿಗೆ ಇದು ದೊಡ್ಡ ಉಪಕಾರ. ಕಂಪ್ಯೂಟರ್ ತಾನೇ ಓದುವ ದನಿಗಿಂತ ಮನುಷ್ಯರು ಓದಿದ ದನಿ ಒಳ್ಳೆಯದು. ರೆಕಾರ್ಡ್, ಲೀಡ್, ಲೈವ್, ಇಂಥ ಎರಡು ಉಚ್ಚಾರಣೆಯ ಪದಗಳಲ್ಲಿ ಯಂತ್ರ ಕೆಲವು ಸಲ ತಪ್ಪನ್ನೇ ಆರಿಸಿಕೊಳ್ಳುತ್ತದೆ. ಫೋರ್ವೊ ಅನ್ನುವ ತಾಣದಲ್ಲಿ ಆಯಾ ಭಾಷೆಯವರೇ ಹೇಳಿದ ಪದಗಳಿವೆ. ಯೂಗ್ಲಿಷ್ ಅನ್ನುವುದು ನೀವು ಕೊಟ್ಟ ಪದ ಬರುವ ಯೂಟ್ಯೂಬ್ ವಿಡಿಯೊಗಳನ್ನು ಹುಡುಕಿ, ಸರಿಯಾಗಿ ಆ ಜಾಗದಿಂದಲೇ ಕೇಳಿಸುತ್ತದೆ. ಡಿಕ್ಷನರಿಯಲ್ಲಿ ಪದ ಒಂಟಿಯಾಗಿ ನಿಂತಿರುತ್ತದೆ, ಇಲ್ಲಿ ಮಾತಿನ ಸಂತೆಯಲ್ಲಿ ಓಡಾಡುತ್ತಿರುತ್ತದೆ.

ಕೇಳಿದರೆ ಸಾಲದು, ನಮ್ಮ ಬಾಯಿಯ ಅಭ್ಯಾಸಗಳು ಯಾವುವು ಅಂತ ಗೊತ್ತಿರಬೇಕು. ಪದದ ಕೊನೆಗೆ ಉ ಹಚ್ಚುವುದು ನಮ್ಮ ಗುಣ. ಬಸ್ಸು, ಕಾರು, ಬ್ಯಾಂಕು. ಕನ್ನಡ ಮಾತಾಡುವಾಗ ಅದೇ ಚೆಂದ, ಇಂಗ್ಲಿಷಿಗೆ ಹೋಗುವಾಗ ಅದನ್ನು ಚಪ್ಪಲಿ ಬಿಟ್ಟ ಹಾಗೆ ಹೊರಗೆ ಬಿಡಬೇಕು. ಶುರುವಿನಲ್ಲಿ ಎ ಬಂದರೆ ಯ ಸೇರಿಸುತ್ತೇವೆ, ಮೊಟ್ಟೆ 'ಯೆಗ್ಗು' ಆಗುತ್ತದೆ. ಒ ಬಂದರೆ ವ, 'ವೋನ್ಲಿ'. ಹೋಟೆಲಿನಲ್ಲಿ ಸೂಪಿನ ಬಟ್ಟಲಿಗೆ ಎಲ್ಲರೂ 'ಬೌಲ್' ಅನ್ನುತ್ತೇವೆ. ಅದು 'ಬೋಲ್'. 'ಬೌಲ್' ಅಂದರೆ ಕೇಳುವವರಿಗೆ ಕರುಳು ಅನ್ನುವ ಇನ್ನೊಂದು ಪದ ಕೇಳಿಸಬಹುದು. ಎಲ್ಲಿಯೋ ಊಟಕ್ಕೆ ಕೂತು ಎರಡು ಕರುಳು ಸೂಪ್ ಕೇಳಿದ ಹಾಗಾದೀತು! ನಲ್ಲಿ ರಿಪೇರಿಯವರು 'ಪ್ಲಮರ್', ಬಿ ಇಲ್ಲ. ಕೋಟೆ ತೋರಿಸುವವರಿಗೆ ಬೇಕಾಗುವ ಕತ್ತಿ 'ಸೋರ್ಡ್', ಅದರಲ್ಲಿ ಡಬ್ಲ್ಯೂ ಬರೀ ಕಾಗದದ ಮೇಲೆ.

ಬ್ರಿಟಿಷ್ ಕಲಿಯಬೇಕಾ, ಅಮೆರಿಕನ್ ಕಲಿಯಬೇಕಾ? ಒಂದನ್ನು ಹಿಡಿಯಿರಿ, ಅಷ್ಟೇ. ನಮ್ಮ ಪಠ್ಯಗಳ ಕಾಗುಣಿತ ಬ್ರಿಟಿಷ್ ಕಡೆಯದ್ದು, ಅದಕ್ಕೆ ಅದೇ ಅನುಕೂಲ. ನಮ್ಮದೇ ಇಂಗ್ಲಿಷಿಗೂ ಈಗ ಬೆಲೆ ಇದೆ. ಆಕ್ಸ್‌ಫರ್ಡ್‌ನ ಲರ್ನರ್ಸ್ ಡಿಕ್ಷನರಿಯ 2020ರ ಹತ್ತನೇ ಆವೃತ್ತಿಯಲ್ಲಿ ಆಧಾರ್, ಡಬ್ಬಾ, ಶಾದಿ ಎಲ್ಲ ಸೇರಿವೆ. ಬೆಣ್ಣೆ ದೋಸೆ ಯಾವಾಗ ಸೇರುತ್ತೋ ನೋಡಬೇಕು.

ಫೋನು ಇದ್ದರೆ ಪುಸ್ತಕ ಯಾಕೆ?

ನ್ಯಾಯವಾದ ಪ್ರಶ್ನೆ. ಉಚ್ಚಾರಣೆಗೆ ಫೋನು ಬೇಕೇ ಬೇಕು, ಪುಸ್ತಕ ಮಾತಾಡುವುದಿಲ್ಲ. ಆದರೆ ಅನುವಾದದ ಆ್ಯಪನ್ನು ಡಿಕ್ಷನರಿ ಅಂದುಕೊಳ್ಳಬೇಡಿ. ಅದು ವಾಕ್ಯ ದಾಟಿಸುವ ದೋಣಿ. ಪದದ ಗುಣ, ಜೋಡಿ, ಎಣಿಕೆ ಯಾವುದನ್ನೂ ಕಲಿಸುವುದು ಅದರ ಕೆಲಸವಲ್ಲ. ಎಐ ಚಾಟುಗಳು ಕನ್ನಡದಲ್ಲಿ ಚೆನ್ನಾಗಿ ಬಿಡಿಸಿ ಹೇಳುತ್ತವೆ, ಕೇಳಿದಷ್ಟು ಉದಾಹರಣೆ ಕೊಡುತ್ತವೆ. ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತವೆ. ಅವು ಹೇಳಿದ್ದನ್ನು ಒಮ್ಮೆ ಡಿಕ್ಷನರಿಯಲ್ಲಿ ನೋಡಿಬಿಡಿ.

ಕನ್ನಡ ಪದ ಗೊತ್ತು, ಇಂಗ್ಲಿಷ್ ಬೇಕು ಅನ್ನುವವರಿಗೆ 'ಅಲರ್' ಇದೆ. ವಿ. ಕೃಷ್ಣ ಅವರು ವರ್ಷಗಟ್ಟಲೆ ಒಬ್ಬರೇ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು, ಸುಮಾರು ಒಂದೂವರೆ ಲಕ್ಷ ಪದಗಳದ್ದು. 2019ರಿಂದ ಎಲ್ಲರಿಗೂ ಪುಕ್ಕಟೆ ಸಿಗುತ್ತಿದೆ. ಅಲ್ಲಿ ಸಿಕ್ಕ ಇಂಗ್ಲಿಷ್ ಪದವನ್ನು ಲರ್ನರ್ಸ್ ಡಿಕ್ಷನರಿಯಲ್ಲಿ ಇನ್ನೊಮ್ಮೆ ನೋಡುವುದು ಮರೆಯಬೇಡಿ. ಒನಕೆಯ ಹುಡುಗಿ ಬಿಟ್ಟದ್ದು ಈ ಎರಡನೇ ಹೆಜ್ಜೆಯನ್ನೇ.

ಆದರೂ ಮಕ್ಕಳ ಕೈಗೆ ಪುಸ್ತಕ ಕೊಡಿ ಅನ್ನುತ್ತೇನೆ. ಫೋನಿನಲ್ಲಿ ಪದ ಹುಡುಕಲು ಹೋದ ಮಗು ಅರ್ಧ ಗಂಟೆ ರೀಲ್ಸ್ ನೋಡಿ ಬರುತ್ತದೆ. ಪುಸ್ತಕದಲ್ಲಿ ಹುಡುಕಲು ಹೋದರೆ ಪಕ್ಕದ ಪದ ನೋಡಿ ಬರುತ್ತದೆ.

ಒಟ್ಟಿನಲ್ಲಿ ಆ ಮೂವರಿಗೆ ನಾನು ಹೇಳಿದ್ದು ಇಷ್ಟು. ಹತ್ತನೇ ಕ್ಲಾಸಿನ ಮಗಳಿಗೆ ವೆಂಕಟಸುಬ್ಬಯ್ಯನವರದ್ದು ಅಥವಾ ವಾಕ್ಯಗಳಿರುವ ತ್ರಿವಳಿ, ಜೊತೆಗೆ ಅಮ್ಮನ ಫೋನಿನಲ್ಲಿ ದಿನಕ್ಕೆ ಹತ್ತು ಪದ ಕೇಳುವುದು. ನರ್ಸಿಂಗ್ ಹುಡುಗಿಗೆ ಕನ್ನಡದ್ದನ್ನು ಪೂರ್ತಿ ಪಕ್ಕಕ್ಕಿಟ್ಟು ಆಕ್ಸ್‌ಫರ್ಡ್ ಲರ್ನರ್ಸ್, ಧ್ವನಿಲಿಪಿ, ಯೂಗ್ಲಿಷ್. ಮಂಡಿಪೇಟೆಯ ಹುಡುಗನಿಗೆ ಪುಸ್ತಕವೇ ಬೇಡ, ಲಾಂಗ್‌ಮನ್ ವೆಬ್‌ಸೈಟಿನ ಉದಾಹರಣೆ ವಾಕ್ಯಗಳೇ ಅವನ ಮೇಲ್‌ಗಳಿಗೆ ಸಾಕು. ದುಡ್ಡಿಗೆ ತೊಂದರೆ ಇದ್ದರೆ ಹಳೇ ಪುಸ್ತಕದ ಅಂಗಡಿಯಲ್ಲಿ ಹತ್ತು ವರ್ಷ ಹಿಂದಿನ ಆವೃತ್ತಿ ತಗೊಳ್ಳಿ. 'ಬಾರೋ'ದ ಅರ್ಥ ಅಷ್ಟರಲ್ಲಿ ಬದಲಾಗಿರುವುದಿಲ್ಲ.

ಅಂಗಡಿಯಲ್ಲಿ ಐದು ನಿಮಿಷ

ರಟ್ಟಿನ ಮೇಲೆ ಎಷ್ಟು ಸಾವಿರ ಪದ ಅಂತ ಬರೆದಿದ್ದಾರೆ ಅನ್ನುವುದನ್ನು ನೋಡಬೇಡಿ. ಒಳಗೆ ಐದು ಪದ ತೆಗೆಯಿರಿ. 'ಬಾರೋ' ತೆಗೆದು, ಕೊಡುವುದೋ ತಗೊಳ್ಳುವುದೋ ಅಂತ ಸ್ಪಷ್ಟವಾಗಿದೆಯಾ ನೋಡಿ. 'ಫರ್ನಿಚರ್' ಪಕ್ಕ ಎಣಿಸಬಾರದು ಅನ್ನುವ ಗುರುತು ಇದೆಯಾ? 'ಅಡ್ವೈಸ್' ಹೆಸರಿಗೂ ಕ್ರಿಯೆಗೂ ಉಚ್ಚಾರಣೆ ಬೇರೆ ಬೇರೆ ಕೊಟ್ಟಿದ್ದಾರಾ? 'ಡೆವಲಪ್' ಒಳಗೆ ಒತ್ತಿನ ಗೆರೆ ಎಲ್ಲಿದೆ? ಕೊನೆಗೆ 'ರಿಸೀಟ್' ತೆಗೆಯಿರಿ, ಪಿ ಬಾಯಿಗೆ ಬಂದಿದೆಯಾ ನೋಡಿ. ಐದರಲ್ಲಿ ನಾಲ್ಕು ಸರಿ ಇದ್ದರೆ ಬಿಲ್ ಹಾಕಿಸಿ. 'ರಿಸೀಟ್' ಒಂದೇ ತಪ್ಪಿದ್ದರೂ ವಾಪಸ್ ಇಡಿ, ಆ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಅಂಗಡಿಯವರು "ಏನಮ್ಮ, ಇಲ್ಲೇ ಓದಿ ಮುಗಿಸ್ತೀರಾ?" ಅಂತ ಗೊಣಗಿದರೆ ಬೇಜಾರಾಗಬೇಡಿ. ನನಗೂ ಅಂದಿದ್ದಾರೆ. ಆಮೇಲೆ ಅವರೇ ತಮ್ಮ ಮಗನಿಗೆ ಯಾವುದು ಕೊಡಿಸಲಿ ಅಂತ ಕೇಳಿದರು.